ಅರವತ್ತೊಂದು ಸಾವಿರ ಡಾಲರಿನ ಫೋಟೋಗಳು

ಕರಿಯರ ಕೈಯಲ್ಲಿ ಯಾಕೆ ಕಾಸು ನಿಲ್ಲುವುದಿಲ್ಲ, ಬಿಳಿಯರ ಮನೆಯಲ್ಲಿ ಯಾಕೆ ಮೂರು ತಲೆಮಾರು ಕೂತು ತಿನ್ನುತ್ತಾರೆ, ಇದಕ್ಕೆ ಯಾವ ನಾಯಕ ಹೊಣೆ ಎಂಬ ಪ್ರಶ್ನೆಯನ್ನು ನಮ್ಮ ಬೀದಿ ಸಂಘದವರು ಪ್ರತಿ ಶನಿವಾರ ಹತ್ತೂವರೆಗೆ ಎತ್ತಿಕೊಂಡು ಹನ್ನೆರಡಕ್ಕೆ ಬಗೆಹರಿಸುತ್ತೇವೆ. ಹನ್ನೆರಡಕ್ಕೆ ಕರಿದ ಮೀನು ಬರುತ್ತದೆ. ಆಮೇಲೆ ಯಾರಿಗೂ ಪ್ರಶ್ನೆ ನೆನಪಿರುವುದಿಲ್ಲ, ಮುಂದಿನ ಶನಿವಾರ ಮತ್ತೆ ಮೊದಲಿನಿಂದ ಶುರು.

ಸಂಘದ ಅಧ್ಯಕ್ಷೆ ನಾನೇ. ಅರ್ನೆಸ್ಟೀನ್ ಪೆಟ್ವೇ, ಎಪ್ಪತ್ತೊಂದು ವರ್ಷ, ಶಿಕಾಗೋ ದಕ್ಷಿಣ ಭಾಗದ ಬಸ್ಸುಗಳನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿ ನಿವೃತ್ತಳಾದವಳು. ಚೆಂಡಾಡಬೇಡಿ, ಬೀದಿಯಲ್ಲಿ ಕಾರು ತೊಳೆಯಬೇಡಿ, ಹಾಡು ಜೋರಾಗಿ ಹಾಕಬೇಡಿ ಎಂದು ಮೂಲೆಯಲ್ಲಿ ನಿಂತಿರುವ ಬೋರ್ಡನ್ನು ಬರೆಸಿದವಳೂ ನಾನೇ. ನಲವತ್ತೊಂದು ಮನೆಗಳು ನನ್ನ ಮಾತು ಕೇಳುತ್ತವೆ. ಕೇಳದವರ ಮನೆಗೆ ನಾನೇ ಹೋಗಿ ಕೇಳಿಸಿ ಬರುತ್ತೇನೆ.

ಆ ಜನವರಿಯ ಶನಿವಾರ ನನ್ನ ಮನೆಯ ಮುಂದಿನ ಕೋಣೆಯಲ್ಲೇ ಸಭೆ. ಹೊರಗೆ ಮೊಣಕಾಲುದ್ದ ಹಿಮ. ಓಟಿಸ್ ಎದ್ದು ನಿಂತಿದ್ದ. ಅವನು ಅಂಚೆಯವನಾಗಿದ್ದವನು, ನಲವತ್ತು ವರ್ಷ ಬೇರೆಯವರ ಕಾಗದ ಹಂಚಿ ಹಂಚಿ, ಈಗ ತನ್ನದೇ ಒಂದು ಕಾಗದದ ಕಟ್ಟು ಹಿಡಿದುಕೊಂಡು ಓಡಾಡುತ್ತಾನೆ.

“ಎಲ್ಲಾ ಶುರುವಾಗಿದ್ದು ಆ ನಕ್ಷೆಯಿಂದ!” ಎಂದ. “ನಮ್ಮವರು ಇರೋ ಕಡೆಗೆಲ್ಲ ಕೆಂಪು ಗೆರೆ ಎಳೆದ್ರು. ಗೆರೆಯೊಳಗೆ ಬ್ಯಾಂಕು ಸಾಲ ಕೊಡಲಿಲ್ಲ. ಎಳೆದೋರು ಸತ್ತು ಮಣ್ಣಾದ್ರು, ಗೆರೆ ಮಾತ್ರ ಇನ್ನೂ ಗಟ್ಟಿಯಾಗಿದೆ. ಯಾವ ಪಾರ್ಟಿ ಬಂದ್ರೂ ಅಳಿಸಿದ್ರಾ? ವೈಟ್ ಹೌಸಿನೋರು ಗವರ್ನರ್ ಕಡೆ ಕೈ ತೋರಿಸ್ತಾರೆ, ಗವರ್ನರ್ ಮೇಯರ್ ಕಡೆ, ಮೇಯರು ಕಾರ್ಪೊರೇಟರ್ ಕಡೆ.”

“ಕಾರ್ಪೊರೇಟರು?” ಎಂದು ಯಾರೋ ಕೇಳಿದರು.

“ಅವನು ಕ್ಯಾಮೆರಾ ಕಡೆ ಕೈ ಬೀಸ್ತಾನೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾಕೆಂದರೆ ಕಾರ್ಪೊರೇಟರು ಅಲ್ಲೇ ನನ್ನ ಸೋಫಾದ ಮೇಲೆ ಕೂತಿದ್ದ. ಲೆಮ್ಯುಯೆಲ್ ಗ್ಯಾಸ್ಕಿನ್. ಇಪ್ಪತ್ತು ವರ್ಷದಿಂದ ನಮ್ಮ ವಾರ್ಡಿನ ಕಾರ್ಪೊರೇಟರ್, ಈ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ. ಚಿಕ್ಕವನಿದ್ದಾಗ ಚರ್ಚಿನ ಭಾನುವಾರದ ಪಾಠಕ್ಕೆ ನನ್ನ ಕೈಕೆಳಗೇ ಬರುತ್ತಿದ್ದ, ಮೂಗು ಒರೆಸಿಕೊಟ್ಟಿದ್ದೇನೆ. ಹಾಗಾಗಿ ಊರಿಗೆಲ್ಲ ಮಿಸ್ಟರ್ ಗ್ಯಾಸ್ಕಿನ್ ಆದವನು ನನಗೆ ಲೆಮ್.

“ನಾನೊಬ್ಬ ಕಾರ್ಪೊರೇಟರು ಓಟಿಸಣ್ಣ, ದೇವರಲ್ಲ,” ಎಂದ ಲೆಮ್. “ಬ್ಯಾಂಕು ನನ್ನದಾ? ಕಾನೂನು ನಾನು ಬರೆದಿದ್ದಾ? ಇನ್ನೂರೈವತ್ತು ವರ್ಷ ಪುಕ್ಕಟೆ ದುಡಿಸಿಕೊಂಡು, ಆಮೇಲೆ ನೂರು ವರ್ಷ ಬಾಗಿಲಾಚೆ ನಿಲ್ಲಿಸಿದ್ದನ್ನ ಇಪ್ಪತ್ತು ವರ್ಷದಲ್ಲಿ ನಾನೊಬ್ಬ ತುಂಬಿಕೊಡೋಕಾಗುತ್ತಾ?”

“ತುಂಬಿಕೊಡು ಅಂದವರ್ಯಾರು? ಒಂದು ಚಮಚ ಹಾಕು ಅಂದ್ರೆ ಸಾಕಿತ್ತಲ್ಲ!” ಎಂದ ಓಟಿಸ್.

ನನಗೆ ರೇಗಿತು. ನನ್ನ ಹತ್ತಿರ ಅವರ ನಕ್ಷೆಗಿಂತ ದೊಡ್ಡ ಸಂಗತಿ ಇತ್ತು. ಎದ್ದು, ಮೇಜಿನ ಮೇಲೆ ಬ್ಯಾಂಕಿನ ಕಾಗದ ಬಿಸಾಡಿದೆ. “ಬಾಯಿ ಮುಚ್ಚಿಕೊಂಡು ಇದನ್ನ ಓದಿ,” ಎಂದೆ.

ವಿಷಯ ಇಷ್ಟು. ನನ್ನ ಮಗಳು ಶರೀಟಾ ಹದಿನಾಲ್ಕು ವರ್ಷದಿಂದ ಮುಖ್ಯರಸ್ತೆಯ ಬಾಡಿಗೆ ಕಟ್ಟಡದಲ್ಲಿ ಹೆಂಗಸರ ತಲೆಗೂದಲಿನ ಸಲೂನು ನಡೆಸುತ್ತಿದ್ದಾಳೆ. ಕಟ್ಟಡದ ಯಜಮಾನ ಅದನ್ನು ಮಾರುತ್ತಿದ್ದಾನೆ. ಫೆಬ್ರವರಿ ಮುಗಿಯುವುದರೊಳಗೆ ಕೊಂಡರೆ ಅವಳಿಗೆ, ಇಲ್ಲದಿದ್ದರೆ ಮೊಬೈಲ್ ಅಂಗಡಿಯವರು ಕಾಯುತ್ತಿದ್ದಾರೆ. ಆರು ಕುರ್ಚಿ, ನಾಲ್ಕು ಜನ ಕೆಲಸದವರು, ಎಲ್ಲಾ ಬೀದಿಗೆ. ಅವಳ ಮುಂಗಡಕ್ಕೆ ನಾನು ನನ್ನ ಮನೆಯ ಮೇಲೆ ಸಾಲ ತೆಗೆಯಬೇಕು. ಮನೆಗೆ ಒಂದು ಲಕ್ಷ ಅರವತ್ತು ಸಾವಿರ ಡಾಲರ್ ಬೆಲೆ ಕಟ್ಟಿದರೆ ಬ್ಯಾಂಕು ಆ ಮುಂಗಡಕ್ಕೆ ಸಾಕಾಗುವಷ್ಟು ಸಾಲ ಕೊಡುತ್ತದೆ. ಬೆಲೆ ಕಟ್ಟುವವನು ಬಂದ. ಸೋಫಾ ನೋಡಿದ, ಗೋಡೆ ನೋಡಿದ, ತೀರಿಹೋದ ನನ್ನ ಗಂಡ ಹೋರೇಸನ ಫೋಟೋ ನೋಡಿದ, ನನ್ನ ಮುಖ ನೋಡಿದ, ಹನ್ನೊಂದು ನಿಮಿಷದಲ್ಲಿ ಹೋದ. ಅಟ್ಟ ಹತ್ತಲಿಲ್ಲ, ನೆಲಮಾಳಿಗೆಗೆ ಇಳಿಯಲಿಲ್ಲ. ಒಂದು ಲಕ್ಷ ಹದಿನೆಂಟು ಸಾವಿರ ಎಂದು ಬರೆದು ಕಳಿಸಿದ.

ಓಟಿಸ್ ಕಾಗದ ಓದಿ ಕನ್ನಡಕ ತೆಗೆದ. ಪಕ್ಕದಲ್ಲಿ ಕೂತಿದ್ದ ಕಾಜಿಮಿರ್ ಕೆಮ್ಮಿದ.

ಕಾಜಿಮಿರ್ ನನ್ನ ಪಕ್ಕದ ಮನೆಯವನು, ನಮ್ಮ ಬೀದಿಯಲ್ಲಿರುವ ಒಬ್ಬನೇ ಒಬ್ಬ ಬಿಳಿಯ. ಪೋಲೆಂಡ್ ಕಡೆಯ ಮನೆತನ. ನಮ್ಮವರು ಬರತೊಡಗಿದಾಗ ಬೀದಿಯ ಬಿಳಿಯರೆಲ್ಲ ಎರಡು ಬೇಸಿಗೆಯಲ್ಲಿ ಮನೆ ಮಾರಿ ಓಡಿದರು. ಇವನ ಅಪ್ಪ ಮಾತ್ರ ಓಡಲಿಲ್ಲ. ದೊಡ್ಡ ಮನಸ್ಸು ಅಂತೇನಲ್ಲ, ಸಾಮಾನು ಕಟ್ಟುವುದಕ್ಕೆ ಸೋಮಾರಿತನ ಎಂದು ಕಾಜಿಮಿರನೇ ಹೇಳುತ್ತಾನೆ.

“ಹೋದ ಅಕ್ಟೋಬರಲ್ಲಿ ನಂದಕ್ಕೆ ಒಂದು ಲಕ್ಷ ಎಪ್ಪತ್ತೊಂದು ಸಾವಿರ ಕಟ್ಟಿದ್ರು,” ಎಂದ, ತಪ್ಪು ಮಾಡಿದವನಂತೆ ನೆಲ ನೋಡುತ್ತಾ.

ಅವನ ಮನೆ ನನ್ನ ಮನೆ ಎರಡೂ ಒಬ್ಬನೇ ಕಟ್ಟಿದ್ದು, ಒಂದೇ ವರ್ಷ, ಒಂದೇ ಇಟ್ಟಿಗೆ, ಅಷ್ಟೇ ಕೋಣೆ. ಇಷ್ಟೇ ವ್ಯತ್ಯಾಸ: ಅವನ ಸೂರು ಸೋರುತ್ತದೆ ಮತ್ತು ಅವನ ಮೂರು ಬೆಕ್ಕುಗಳು ಮನೆಯೆಲ್ಲ ಉಚ್ಚೆ ಹೊಯ್ಯುತ್ತವೆ.

“ಅಂದ್ರೆ ಬೆಕ್ಕಿನ ಉಚ್ಚೆಗೆ ಐವತ್ತಮೂರು ಸಾವಿರ!” ಎಂದ ಓಟಿಸ್.

ಲೆಮ್ ತಕ್ಷಣ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ಭಾಷಣ ಬರುವ ಸೂಚನೆ ಅದು. “ಇದು ಘೋರ ಅನ್ಯಾಯ. ನಾನು ನಗರಸಭೆಯಲ್ಲಿ ಈ ವಿಷಯ ಎತ್ತುತ್ತೇನೆ, ಒಂದು ಸಮಿತಿ ರಚಿಸಿ…”

“ಕೂತ್ಕೊಳೋ!” ಎಂದೆ. “ನಿನ್ನ ಸಮಿತಿ ವರದಿ ಕೊಡೋ ಹೊತ್ತಿಗೆ ನನ್ನ ಫೋಟೋನೂ ಹೋರೇಸ್ ಪಕ್ಕ ಗೋಡೆ ಮೇಲಿರುತ್ತೆ. ಬ್ಯಾಂಕಿನವರ ಕಾಲು ಹಿಡಿದು ಇನ್ನೊಬ್ಬನನ್ನ ಕರೆಸ್ತಿದೀನಿ, ಸೋಮವಾರ ಹತ್ತು ಗಂಟೆಗೆ. ಫೋಟೋ ಇಳಿಸಬೇಕು. ನೀನು ಎತ್ತರ ಇದೀಯ, ಒಂಬತ್ತಕ್ಕೆ ಬಾ.”

ಫೋಟೋ ಇಳಿಸುವುದು ಅಂದರೆ ಏನೆಂದು ಅಲ್ಲಿ ಯಾರೂ ಕೇಳಲಿಲ್ಲ. ನಮ್ಮವರಿಗೆಲ್ಲ ಗೊತ್ತಿರುವ ಕೆಲಸ ಅದು. ಬೆಲೆ ಕಟ್ಟುವವನು ಬರುವ ಮೊದಲು ಮನೆಯಲ್ಲಿ ಕರಿಯರಿದ್ದಾರೆ ಅನ್ನುವ ಗುರುತು ಒಂದೂ ಇರಬಾರದು. ಬಾಗಿಲು ತೆಗೆಯಲು ಒಬ್ಬ ಬಿಳಿಯ ಸ್ನೇಹಿತ ಇರಬೇಕು. ನಾನು ಈವರೆಗೆ ಮಾಡಿರಲಿಲ್ಲ. ಮಾಡಿದವರನ್ನು ಬಾಯಿಗೆ ಬಂದಂತೆ ಆಡಿಕೊಂಡಿದ್ದೆ, ಸಾಲದ್ದಕ್ಕೆ.

ಸೋಮವಾರ ಲೆಮ್ ಬಂದೇಬಿಟ್ಟ. ಪ್ರೀತಿಯಿಂದ ಬಂದ ಅಂತ ನಾನೇನೂ ತಿಳಿದುಕೊಳ್ಳಲಿಲ್ಲ, ನಲವತ್ತೊಂದು ಮನೆಯ ವೋಟು ಕರೆತಂದಿತ್ತು. ಆದರೆ ಬಂದವನು ಕೋಟು ಬಿಚ್ಚಿ, ತೋಳು ಮಡಚಿ, ಏಣಿ ಹತ್ತಿ ಕೆಲಸ ಮಾಡಿದ. ಹೋರೇಸ್ ಉಕ್ಕಿನ ಕಾರ್ಖಾನೆಯ ಟೊಪ್ಪಿಯಲ್ಲಿ ನಿಂತದ್ದು, ಶರೀಟಾ ಪದವಿಯ ಗೌನಿನಲ್ಲಿ, ನಮ್ಮಮ್ಮ ಅಲಬಾಮಾದ ಹತ್ತಿ ಹೊಲದ ಅಂಚಿನಲ್ಲಿ, ಗುಂಗುರು ಕೂದಲಿನ ಕಪ್ಪು ಯೇಸು, ಎಲ್ಲ ಇಳಿದವು. ಮುವ್ವತ್ತೆಂಟು ಫೋಟೋ. ಬಚ್ಚಲಿನ ತಲೆಯೆಣ್ಣೆ, ರಾತ್ರಿ ತಲೆಗೆ ಕಟ್ಟುವ ರೇಷ್ಮೆ ಟೊಪ್ಪಿ, ಶವಸಂಸ್ಕಾರದ ಕಂಪನಿಯವರು ನಮ್ಮ ಚರ್ಚಿನಲ್ಲಿ ಹಂಚಿದ ಬೀಸಣಿಗೆಗಳು, ಎಲ್ಲವನ್ನೂ ನೆಲಮಾಳಿಗೆಗೆ ಸಾಗಿಸಿದೆವು.

ಅವುಗಳ ಜಾಗಕ್ಕೆ ಕಾಜಿಮಿರನ ಕಡೆಯವರು ಬಂದರು. ಮೀಸೆಯ ಅಜ್ಜ, ಮೀಸೆಯ ಅಜ್ಜಿ, ಒಬ್ಬ ಪೋಪ್.

“ಏನು ಕಳೆ ಬಂತು ನೋಡು ಮನೆಗೆ!” ಎಂದ ಕಾಜಿಮಿರ್.

“ಹೆಸರು ಕೇಳಿದ್ರೆ ಏನಂತೀಯ?” ಎಂದೆ.

“ಮಿಸ್ಟರ್ ಪೆಟ್ವೇ. ನಂಬ್ತಾನಾ?”

“ನಂಬದೆ ಏನು? ನಮಗೆ ಆ ಹೆಸರು ಬಂದಿದ್ದೇ ನಿಮ್ಮ ಬಣ್ಣದವರಿಂದ. ನಮ್ಮ ತಾತನ ತಾತನ್ನ ಕೊಂಡುಕೊಂಡಿದ್ದವನ ಹೆಸರು ಅದು.”

ನಾನು ಒಂಬತ್ತೂಮುಕ್ಕಾಲಿಗೆ ಶರೀಟಾಳ ಸಲೂನಿಗೆ ಹೊರಡುವುದು, ಲೆಮ್ ತನ್ನ ಕಚೇರಿಗೆ ಹೋಗುವುದು ಎಂದು ಮಾತಾಗಿತ್ತು. ಒಂಬತ್ತೂವರೆಗೇ ಒಂದು ಕಾರು ಬಂದು ನಿಂತಿತು. ಇಳಿದವನು ಮೊದಲು ಮನೆಯ ಸುತ್ತ ಅಳೆಯುತ್ತಾ ಹಿತ್ತಲಿಗೆ ಹೋದ. ಮುಂದಿನ ಬಾಗಿಲಲ್ಲಿ ಹೋದರೆ ಅವನ ಕಾರಿನಲ್ಲಿ ಕೂತ ಸಹಾಯಕಿ ನೋಡುತ್ತಾಳೆ, ಹಿಂದಿನ ಬಾಗಿಲಲ್ಲಿ ಹೋದರೆ ಅವನೇ ನೋಡುತ್ತಾನೆ. ನಾನು ಲೆಮ್‌ನ ಕೋಟು ಹಿಡಿದುಕೊಂಡು, ಅವನ ರಟ್ಟೆ ಹಿಡಿದು, ನೆಲಮಾಳಿಗೆಯ ಮೆಟ್ಟಿಲು ಇಳಿದುಬಿಟ್ಟೆ. ಬೆಲೆ ಕಟ್ಟುವವರು ಕೆಳಗೆ ಇಳಿಯುವುದಿಲ್ಲ ಎಂದು ನನಗೆ ಗ್ಯಾರಂಟಿ ಇತ್ತು. ನನ್ನ ಮನೆಯಲ್ಲಿ ಇಳಿದಿರಲಿಲ್ಲವಲ್ಲ. ಓಟಿಸನ ಮನೆಯಲ್ಲೂ ಇಳಿದಿರಲಿಲ್ಲ.

ಬಾಯ್ಲರಿನ ಪಕ್ಕ ಹಳೇ ಬೆಂಚಿನ ಮೇಲೆ ಇಬ್ಬರೂ ಕೂತೆವು. ಇಳಿಸಿದ ಫೋಟೋಗಳ ಮೇಲೆ ಬೆಡ್‌ಶೀಟು ಹೊದಿಸಿದ್ದೆ. ಹೋರೇಸನದು ಮಾತ್ರ ನನ್ನ ಮಡಿಲಲ್ಲಿತ್ತು.

“ಇಪ್ಪತ್ತು ವರ್ಷದ ಕಾರ್ಪೊರೇಟರು ನೋಡಪ್ಪಾ,” ಎಂದು ಪಿಸುಗುಟ್ಟಿದೆ. “ತನ್ನ ವಾರ್ಡಿನಲ್ಲೇ ಬಚ್ಚಿಟ್ಟುಕೊಂಡು ಕೂತಿದಾನೆ.”

“ನೀವೇ ಎಳ್ಕೊಂಡು ಬಂದ್ರಲ್ಲ ಮಿಸ್ ಅರ್ನೆಸ್ಟೀನ್!”

“ಮೆತ್ತಗೆ ಮಾತಾಡು. ಓಟಿಸ್ ಕೇಳಿದ್ದಕ್ಕೆ ಉತ್ತರ ಕೊಡು ಈಗ. ಏನ್ ಮಾಡಿದೀಯ ನಮಗೆ?”

“ಗ್ರಂಥಾಲಯ ಮುಚ್ಚೋಕೆ ಬಿಡಲಿಲ್ಲ. ಬೀದಿ ದೀಪ…”

“ದೀಪದ ಕೆಳಗಿರೋ ಮನೆಗಳು? ಹೋರೇಸನ ಅಪ್ಪ ಕರಾರಿನ ಮೇಲೆ ಮನೆ ಕೊಂಡಿದ್ರು, ಕೊನೇ ಕಂತು ಕಟ್ಟೋವರೆಗೂ ಪತ್ರ ಮಾರಿದೋನ ಹೆಸರಲ್ಲೇ. ಹದಿಮೂರು ವರ್ಷ ಕಂತು ಕಟ್ಟಿ, ಒಂದು ತಿಂಗಳು ತಪ್ಪಿದ್ದಕ್ಕೆ ಸಾಮಾನು ಬೀದಿಗೆ ಬಿತ್ತು. ಆಗಿನ ಕಾರ್ಪೊರೇಟರು ಬಂದು ಬಹಳ ವಿಷಾದ ಅಂದ. ನೀನೂ ಶನಿವಾರ ಅದನ್ನೇ ಅಂದೆ, ಸಮಿತಿ ಒಂದು ಹೊಸದು.”

ಮೇಲೆ ಕಾಜಿಮಿರ್ ತನ್ನ ಅಜ್ಜಿಯ ಕಥೆ ಹೇಳುವುದು ಕೇಳಿಸುತ್ತಿತ್ತು.

“ಅಮ್ಮ ತೀರಿಕೊಂಡ ಮೇಲೆ ಅವಳ ಮನೆ ಮಾರಿದ್ನಲ್ಲ, ಆಗ ನಾನೂ ಇದನ್ನೇ ಮಾಡಿದೆ,” ಎಂದ ಲೆಮ್. “ಅವಳ ಫೋಟೋಗಳನ್ನೆಲ್ಲ ಕಾರಿನ ಡಿಕ್ಕಿಗೆ ಹಾಕಿ, ನನ್ನ ಸೆಕ್ರೆಟರಿಯ ಬಿಳಿ ಗಂಡನ್ನ ಬಾಗಿಲಲ್ಲಿ ನಿಲ್ಲಿಸಿದೆ. ನಲವತ್ತು ಸಾವಿರ ಜಾಸ್ತಿ ಬಂತು.”

“ಯಾವಾಗ ಇದು?”

“ಒಂಬತ್ತು ವರ್ಷ ಆಯ್ತು.”

ನನಗೆ ಮೈಯೆಲ್ಲ ಉರಿಯಿತು. “ಒಂಬತ್ತು ವರ್ಷದಿಂದ ಗೊತ್ತಿದ್ದೂ ಮೊನ್ನೆ ಏನೂ ಗೊತ್ತಿಲ್ಲದೋನ ಥರ ಕೋಟಿನ ಗುಂಡಿ ಹಾಕ್ಕೊಂಡು ಎದ್ದೆಯೇನೋ?”

“ಹೇಳಿದ್ರೆ ಏನಾಗ್ತಿತ್ತು? ಈ ವಾರ್ಡಿನಲ್ಲಿ ಮನೆಗಳಿಗೆ ಬೆಲೆ ಇಲ್ಲ ಅಂತ ಕಾರ್ಪೊರೇಟರೇ ಟಿವಿಯಲ್ಲಿ ಹೇಳಿದ ಅಂದ್ರೆ, ಇದ್ದ ಬೆಲೆನೂ ಬೀಳ್ತಿತ್ತು.”

“ಮನೆ ಬೆಲೆ ಬೀಳುತ್ತೆ ಅಂತ ಸುಮ್ಮನಿದ್ದೆಯೋ, ನಿನ್ನ ಕುರ್ಚಿ ಬೀಳುತ್ತೆ ಅಂತಲೋ?”

“ಎರಡೂ,” ಎಂದ ಲೆಮ್.

ಅವನು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೆ ಸರಿಯಾಗಿ ಬೈಯಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮೆಟ್ಟಿಲ ಬಾಗಿಲು ತೆರೆಯಿತು.

“ಕೆಳಗೇನಿಲ್ಲ ಬಿಡಿ ಸಾರ್, ಬರೀ ಧೂಳು!” ಎಂದು ಕಾಜಿಮಿರ್ ಊರಿಗೆಲ್ಲ ಕೇಳುವಂತೆ ಕೂಗಿದ.

“ಪರವಾಗಿಲ್ಲ ಮಿಸ್ಟರ್ ಪೆಟ್ವೇ. ಅಡಿಪಾಯ ನೋಡದೆ ಬೆಲೆ ಕಟ್ಟಿದ್ರೆ ನಿಮಗೇ ಅನ್ಯಾಯ ಆಗುತ್ತೆ,” ಎಂದಿತು ಇನ್ನೊಂದು ದನಿ.

ಆಗ ಹೊಳೆಯಿತು ನನಗೆ. ನಮ್ಮ ಮನೆಗಳಲ್ಲಿ ಇವರು ಕೆಳಗೆ ಇಳಿಯದಿದ್ದದ್ದು ಪದ್ಧತಿ ಇಲ್ಲದೆ ಅಲ್ಲ. ನಮ್ಮ ಮನೆಗಳಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಬಾಗಿಲಲ್ಲೇ ತೀರ್ಮಾನ ಆಗಿರುತ್ತಿತ್ತು. ಬಿಳಿಯನ ಮನೆ ಆದ್ದರಿಂದ ಇವನು ಒಂದೊಂದು ಇಟ್ಟಿಗೆಯನ್ನೂ ನೋಡಲು ಬಂದಿದ್ದ. ನಮಗೆ ಸಿಕ್ಕ ಹನ್ನೊಂದು ನಿಮಿಷವನ್ನೇ ಲೋಕದ ನಿಯಮ ಅಂದುಕೊಂಡು ನಾನು ಬೋನಿನೊಳಗೆ ಬಂದು ಕೂತಿದ್ದೆ.

ಮುವ್ವತ್ತು ವರ್ಷದ ಹುಡುಗ, ಟಾರ್ಚು ಹಿಡಿದು ಇಳಿದ. ಒಳ್ಳೆಯ ಮುಖ. “ಓ, ಇಲ್ಲಿ ಯಾರೋ ಇದ್ದಾರೆ,” ಎಂದ. ಅವನ ಹಿಂದೆ ಕಾಜಿಮಿರ್ ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟ.

ಲೆಮ್ ಎದ್ದು ನಿಂತ. ಅವನ ಬೆನ್ನು ನೆಟ್ಟಗಾಯಿತು, ಕೈ ಕೋಟಿನ ಗುಂಡಿ ಹುಡುಕಿತು, ಕೋಟು ಇರಲಿಲ್ಲ. “ಸಾರ್, ಒಂದು ವಿಷಯ ನಿಮಗೆ ಗೊತ್ತಾಗಬೇಕು,” ಎಂದ. “ನಾನು ಈ ವಾರ್ಡಿನ…”

ಇವನು ನಿಜವಾಗಿಯೂ ಹೇಳಿಬಿಡುತ್ತಾನೆ ಎಂದು ನನಗೆ ಗೊತ್ತಾಯಿತು. ಇಪ್ಪತ್ತು ವರ್ಷ ಹೇಳದ್ದನ್ನು ಈಗ, ಈ ಬಾಯ್ಲರಿನ ಮುಂದೆ, ನನ್ನ ಮಗಳ ಆರು ಕುರ್ಚಿಯ ಮೇಲೆ ನಿಂತುಕೊಂಡು ಹೇಳುತ್ತಾನೆ. ನಾನು ಅವನ ಕಾಲು ತುಳಿದೆ, ಬಸ್ಸಿನ ಬ್ರೇಕು ತುಳಿದಂತೆ.

“ಈ ವಾರ್ಡಿನ ಬಾಯ್ಲರೆಲ್ಲ ರಿಪೇರಿ ಮಾಡೋದು ಇವರೇ ಸಾರ್,” ಎಂದೆ. “ನಾನು ಮನೆಕೆಲಸದೋಳು. ಸೋಮವಾರ ಬರ್ತೀನಿ.”

ನಮ್ಮಮ್ಮ ಉತ್ತರ ಭಾಗದ ಬಿಳಿಯರ ಮನೆಗಳಲ್ಲಿ ಮುವ್ವತ್ತೊಂದು ವರ್ಷ ನೆಲ ಒರೆಸಿದಳು. ತನ್ನ ಮಗಳ ಬಾಯಲ್ಲಿ ಈ ಮಾತು ಬರಬಾರದು ಎಂದು ಮಂಡಿ ಸವೆಸಿಕೊಂಡಳು. ನಾನು ಅದನ್ನು ನನ್ನದೇ ಮನೆಯಲ್ಲಿ, ನನ್ನದೇ ಬೆಂಚಿನ ಮೇಲೆ ಕೂತು ಹೇಳಿದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಕೈ ಮಾತ್ರ ಹೋರೇಸನ ಫೋಟೋವನ್ನು ಬೋರಲು ಹಾಕಿ, ಲಂಗದ ಅಂಚಿನಲ್ಲಿ ಧೂಳು ಒರೆಸುವವಳಂತೆ ಅದರ ಬೆನ್ನು ಉಜ್ಜುತ್ತಿತ್ತು.

“ಮನೆ ಬಹಳ ಚೆನ್ನಾಗಿ ಇಟ್ಟಿದ್ದೀರಿ ಅಮ್ಮ,” ಎಂದ ಹುಡುಗ. ಆಮೇಲೆ ಲೆಮ್ ಕಡೆ ತಿರುಗಿದ. ಲೆಮ್‌ನ ಮುಖ ವಾರ್ಡಿನ ಪ್ರತಿ ಬಸ್ ಸ್ಟಾಪಿನ ಬೆಂಚಿನ ಮೇಲೂ ಇದೆ. ಹುಡುಗ ಗುರುತೇ ಹಿಡಿಯಲಿಲ್ಲ. “ಬಾಯ್ಲರ್ ಹೇಗಿದೆ? ಇನ್ನೆಷ್ಟು ವರ್ಷ ಬರುತ್ತೆ?”

ಲೆಮ್ ನನ್ನನ್ನು ನೋಡಿದ, ಬಾಯ್ಲರನ್ನು ನೋಡಿದ. “ಹತ್ತು ವರ್ಷಕ್ಕೆ ಮೋಸ ಇಲ್ಲ ಸಾರ್,” ಎಂದ.

“ನಿಮ್ಮ ನಂಬರ್ ಕೊಡ್ತೀರಾ? ನಮ್ಮಮ್ಮನ ಮನೇದು ಶಬ್ದ ಮಾಡ್ತಿದೆ.”

ಕಾರ್ಪೊರೇಟರು ಬಾಯ್ಲರ್ ರಿಪೇರಿಯವನಾಗಿ ತನ್ನ ನಂಬರು ಬರೆದುಕೊಟ್ಟ.

ಎಂಟನೇ ದಿನ ಕಾಗದ ಬಂತು. ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ. ಅದೇ ಇಟ್ಟಿಗೆ, ಅದೇ ಸೂರು, ಗೋಡೆಯ ಮೇಲಿನ ಮುಖಗಳು ಬೇರೆ. ಅರವತ್ತೊಂದು ಸಾವಿರ ಡಾಲರ್. ಶರೀಟಾ ಸಲೂನಿನಲ್ಲಿ ಅರ್ಧ ಹೆಣೆದ ಜಡೆ ಬಿಟ್ಟು ಕುಣಿದಳು. ಕಾಜಿಮಿರ್ ಮಾತ್ರ ಮುಖ ಊದಿಸಿಕೊಂಡ.

“ನಂದಕ್ಕಿಂತ ಎಂಟು ಸಾವಿರ ಜಾಸ್ತಿ!” ಎಂದ. “ನನ್ನ ಅಜ್ಜಿ ಫೋಟೋ ವಾಪಸ್ ಕೊಡು.”

ನಾನು ನಕ್ಕೆ. ಆದರೆ ಮುವ್ವತ್ತೆಂಟು ಫೋಟೋ ಗೋಡೆಗೆ ಏರಿಸುವಾಗ ನಮ್ಮಮ್ಮನದನ್ನು ಕೊನೆಗೆ ಇಟ್ಟುಕೊಂಡೆ. ಅವಳ ಕಣ್ಣಿಗೆ ಕಣ್ಣಿಡಲು ನಾಚಿಕೆಯಾಗುತ್ತಿತ್ತು.

ಸಾಲದ ಸಹಿ ಶುಕ್ರವಾರ ಎಂದು ಗೊತ್ತಾಯಿತು. ಅದಕ್ಕೆ ಮೂರು ದಿನ ಮೊದಲು, ಮಂಗಳವಾರ ಸಂಜೆ ಆರಕ್ಕೆ, ಚರ್ಚಿನ ಸಭಾಂಗಣದಲ್ಲಿ ಚುನಾವಣೆಯ ಚರ್ಚೆ. ಲೆಮ್ ಒಂದು ಕಡೆ, ಅವನ ಎದುರಾಳಿ ಒಬ್ಬಳು ಚೂಪು ನಾಲಿಗೆಯ ವಕೀಲೆ ಹುಡುಗಿ ಇನ್ನೊಂದು ಕಡೆ. ಮುನ್ನೂರು ಜನ. ವಿಷಯ ನಮ್ಮ ಶನಿವಾರದ್ದೇ: ನಮಗೂ ಬಿಳಿಯರಿಗೂ ಆಸ್ತಿಯಲ್ಲಿ ಇಷ್ಟು ಅಂತರಕ್ಕೆ ನಾಯಕರ ಪಾಲೆಷ್ಟು?

ವಕೀಲೆ ಹುಡುಗಿ ಲೆಮ್‌ನ ಚರ್ಮ ಸುಲಿದಳು. ಯಾವ ವರ್ಷ ಎಷ್ಟು ಮನೆ ಹರಾಜಾಯಿತು, ಎಷ್ಟು ಅಂಗಡಿ ಮುಚ್ಚಿತು, ಅವನು ಸರೋವರದ ದಡದ ಫ್ಲ್ಯಾಟಿಗೆ ಯಾವಾಗ ಹೋದ, ಎಲ್ಲಾ ಹೇಳಿದಳು. ಒಂದೂ ಸುಳ್ಳಲ್ಲ. ಲೆಮ್ ಇತಿಹಾಸ ಹೇಳಿದ, ಅದೂ ಸುಳ್ಳಲ್ಲ. ಆಮೇಲೆ ಓಟಿಸ್ ಮೈಕು ಹಿಡಿದ.

“ಕಾರ್ಪೊರೇಟರೇ, ಇತಿಹಾಸ ನನ್ನ ಹತ್ತಿರಾನೂ ಒಂದು ಕಟ್ಟು ಇದೆ. ಒಂದೇ ಒಂದು ಮನೆ ಹೇಳಿ ಸಾಕು. ಈ ಇಪ್ಪತ್ತು ವರ್ಷದಲ್ಲಿ, ನಿಮ್ಮ ಕೈಯಾರೆ, ಒಂದು ಮನೆಯ ಬೆಲೆ ಒಂದು ಡಾಲರ್ ಆದ್ರೂ ಏರಿಸಿದ್ದೀರಾ?”

ಸಭೆ ನಕ್ಕಿತು. ಲೆಮ್ ನಗಲಿಲ್ಲ. ಅವನ ಕಣ್ಣು ಮೂರನೇ ಸಾಲಿನಲ್ಲಿದ್ದ ನನ್ನನ್ನು ಹುಡುಕಿ ಹಿಡಿಯಿತು. ಅವನ ಹತ್ತಿರ ಉತ್ತರ ಇತ್ತು. ಏಣಿ ಹತ್ತಿದ್ದು, ಮುವ್ವತ್ತೆಂಟು ಫೋಟೋ ಇಳಿಸಿದ್ದು, ಬಿಳಿ ಹುಡುಗನೆದುರು ಸಾರ್ ಸಾರ್ ಎಂದದ್ದು. ಇಡೀ ಅನ್ಯಾಯವನ್ನು ಎರಡು ನಿಮಿಷದಲ್ಲಿ ಕಣ್ಣಿಗೆ ಕಟ್ಟುವಂಥ ಕಥೆ, ಹೇಳಿದ್ದರೆ ಸಭೆ ಎದ್ದು ನಿಲ್ಲುತ್ತಿತ್ತು. ಆದರೆ ಮೂಲೆಯಲ್ಲಿ ಟಿವಿ ಕ್ಯಾಮೆರಾ ಇತ್ತು. ಬ್ಯಾಂಕಿನ ಕಿವಿಗೆ ಬಿದ್ದರೆ ಶುಕ್ರವಾರ ಸಹಿ ಇಲ್ಲ. ಪಕ್ಕದಲ್ಲಿ ಶರೀಟಾ ನನ್ನ ಕೈಯನ್ನು ಬೆರಳು ಮುರಿಯುವಂತೆ ಹಿಸುಕುತ್ತಿದ್ದಳು.

ನಾನು ಮಡಿಲು ನೋಡಿಕೊಂಡೆ.

“ಹೇಳೋಕೆ ಏನೂ ಇಲ್ಲ ಓಟಿಸಣ್ಣ,” ಎಂದ ಲೆಮ್.

ಹೋ ಎಂದು ಗದ್ದಲವೆದ್ದಿತು. ಓಟಿಸನಿಗೆ ಅಷ್ಟಕ್ಕೇ ಬಿಡುವ ಮನಸ್ಸಿಲ್ಲ. ಮೈಕನ್ನು ಸೀದಾ ನನ್ನ ಮೂಗಿನ ಹತ್ತಿರ ತಂದ. “ನಮ್ಮ ಸಂಘದ ಅಧ್ಯಕ್ಷೆ ಇಲ್ಲೇ ಇದಾರೆ. ಚಿಕ್ಕಂದಿನಿಂದ ಇವರನ್ನ ನೋಡಿರೋರು. ನೀವು ಹೇಳಿ ಮಿಸ್ ಅರ್ನೆಸ್ಟೀನ್, ನಿಮ್ಮ ಮನೆಗೆ ಏನ್ ಮಾಡಿದಾರೆ?”

ಏನೂ ಗೊತ್ತಿಲ್ಲ ಎಂದು ಗೊಣಗಿ ಕೂತುಬಿಡಬಹುದಿತ್ತು. ಆದರೆ ಮುನ್ನೂರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅರ್ನೆಸ್ಟೀನ್ ಸುಮ್ಮನಾದಳು ಅಂದರೆ ಏನೋ ಇದೆ ಎಂದು ಓಟಿಸ್ ಮೂಸುತ್ತಾನೆ. ಅದೂ ಅಲ್ಲದೆ, ಸುಳ್ಳು ಯಾಕೆ ಹೇಳಲಿ, ನನಗೆ ಸಭೆಯನ್ನು ನಗಿಸುವುದು ಇಷ್ಟ.

“ಇವನ ಕೈಯಲ್ಲಿ ನಾನು ಕತ್ತರಿ ನೋಡಿದೀನಪ್ಪಾ,” ಎಂದೆ. “ರಿಬ್ಬನ್ ಕತ್ತರಿಸೋ ಕತ್ತರಿ. ನನ್ನ ಮನೆಯಲ್ಲಿ ರಿಬ್ಬನ್ ಇಲ್ಲ, ಅದಕ್ಕೇ ಬಂದಿಲ್ಲ.”

ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಾಲಲ್ಲಿ ನೆಲ ಬಡಿದರು. ಹಿಂದಿನ ಸಾಲಿನಲ್ಲಿದ್ದ ಕಾಜಿಮಿರ್ ಒಬ್ಬನೇ ನಗಲಿಲ್ಲ. ಲೆಮ್ ವೇದಿಕೆಯ ಮೇಲಿಂದ ನನಗೆ ತಲೆ ಆಡಿಸಿದ, ಪಾಠ ಒಪ್ಪಿಸಿದ ಮಕ್ಕಳು ಆಡಿಸುವಂತೆ. ಆಮೇಲೆ ಅವನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ.

ಶುಕ್ರವಾರ ಸಾಲಕ್ಕೆ ನಾನು ಸಹಿ ಹಾಕಿದೆ, ಕಟ್ಟಡದ ಪತ್ರಕ್ಕೆ ಶರೀಟಾ ಹಾಕಿದಳು. ಅದರ ಮುಂದಿನ ಮಂಗಳವಾರ ಲೆಮ್ ಸೋತ, ಇನ್ನೂರ ಹನ್ನೆರಡು ವೋಟಿನಿಂದ. ನನ್ನ ಕತ್ತರಿ ಮಾತು ಮೂರು ದಿನ ಟಿವಿಯಲ್ಲಿ ಓಡಿತ್ತು.

ಬುಧವಾರ ಬೆಳಗ್ಗೆ ಕ್ಯಾರಮೆಲ್ ಕೇಕು ಮಾಡಿಕೊಂಡು ಅವನ ಕಚೇರಿಗೆ ಹೋದೆ. ಯಾರೂ ಇರಲಿಲ್ಲ. ಗೋಡೆಯ ಚೌಕಟ್ಟುಗಳನ್ನು ಒಬ್ಬನೇ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

“ಸಹಿ ಆಯ್ತಾ?” ಎಂದು ಅವನೇ ಕೇಳಿದ.

“ಆಯ್ತು.”

“ಕಟ್ಟಡ ಶರೀಟಾ ಹೆಸರಲ್ಲೇ ತಾನೆ? ಬೇರೆ ಯಾರನ್ನೂ ಸೇರಿಸಲಿಲ್ವಲ್ಲ?”

“ಅವಳ ಹೆಸರಲ್ಲೇ.”

“ಒಳ್ಳೇದಾಯ್ತು.” ಕೇಕು ತೆಗೆದುಕೊಂಡು ಮೇಜಿನ ಮೇಲಿಟ್ಟ. ಬೆನ್ನು ಹಾಕಿಕೊಂಡೇ ಕೇಳಿದ, “ನೀವಾದ್ರೂ ನನಗೆ ವೋಟು ಹಾಕಿದ್ರಾ ಮಿಸ್ ಅರ್ನೆಸ್ಟೀನ್?”

ಹೌದು ಎಂದರೆ ಏನು ಹೋಗುತ್ತಿತ್ತು ನನ್ನದು? ಆ ತಿಂಗಳಲ್ಲಿ ಅಷ್ಟು ಸುಳ್ಳು ಹೇಳಿದ್ದೆ, ಇನ್ನೊಂದು. ಆದರೆ ನಾನು ಮತಗಟ್ಟೆಯಲ್ಲಿ ಬಹಳ ಹೊತ್ತು ನಿಂತು ಯೋಚಿಸಿದ್ದೆ. ಅವನು ಇಳಿಸಿದ ಫೋಟೋಗಳನ್ನೂ ಯೋಚಿಸಿದ್ದೆ, ಬಾಯಿ ಬಿಡದ ಒಂಬತ್ತು ವರ್ಷವನ್ನೂ ಯೋಚಿಸಿದ್ದೆ. ಆ ಒಂಬತ್ತು ವರ್ಷದಲ್ಲಿ ನಮ್ಮ ಬೀದಿಯಲ್ಲೇ ಏಳು ಮನೆ ಕವಡೆ ಕಾಸಿಗೆ ಮಾರಾಟವಾಗಿದ್ದವು.

“ಇಲ್ಲ ಕಣೋ,” ಎಂದೆ. “ಆ ಹುಡುಗಿಗೆ ಹಾಕಿದೆ.”

ಅವನು ತಿರುಗಿದ. ಕೋಪ ಬರುತ್ತದೆ ಅಂದುಕೊಂಡೆ, ಬರಲಿಲ್ಲ.

“ನಾನೂ ನಿಮ್ಮ ಜಾಗದಲ್ಲಿದ್ದಿದ್ರೆ ಅವಳಿಗೇ ಹಾಕ್ತಿದ್ದೆ,” ಎಂದ. “ಸಭೆಯಲ್ಲಿ ಮಾತ್ರ ಬೇರೆ ಏನಾದ್ರೂ ಹೇಳಬಹುದಿತ್ತು ನೀವು. ಬಂದೇ ಇಲ್ಲ ಅಂದ್ರಲ್ಲ.”

ನನಗೆ ಅಳು ಬಂತು. ಎಪ್ಪತ್ತೊಂದು ವರ್ಷದವಳು, ನಲವತ್ತೊಂದು ಮನೆ ಆಳುವವಳು, ಅವನ ಖಾಲಿ ಕಚೇರಿಯ ಮಧ್ಯೆ ನಿಂತು ಮಗುವಿನಂತೆ ಅತ್ತೆ. ತಪ್ಪಾಯ್ತು ಎಂದು ಹೇಳಿದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಎರಡು ತುಂಡು ಕೇಕು ಕತ್ತರಿಸಿ, ಒಂದನ್ನು ನನ್ನ ಕೈಗೆ ಕೊಟ್ಟು, ಕೂತುಕೊಳ್ಳಿ ಎಂದು ಕುರ್ಚಿ ಎಳೆದ.